ಜ್ವರ ಹೊತ್ತು ಸಮ್ಮೇಳನಕ್ಕೆ ಹೋಗುವುದು ನಿಷ್ಠೆಯೇ?

ಜಾತ್ರೆಯ ತೇರಿಗೆ ಜ್ವರದ ಮೈಯಲ್ಲಿಯೇ ಹೋಗಿ ಕೈಮುಗಿದು ಬಂದವನನ್ನು ಪರಮ ಭಕ್ತನೆಂದು ಹೊಗಳುವುದು ನಮ್ಮಲ್ಲಿ ವಾಡಿಕೆ. ಮದುವೆಯ ಮನೆಗೆ ಕೆಮ್ಮುತ್ತಲೇ ಬಂದು ನಿಂತ ನೆಂಟನನ್ನು ಕಂಡು, “ಎಷ್ಟು ಅಭಿಮಾನ ನೋಡಿ, ಮೈ ಸರಿಯಿಲ್ಲದಿದ್ದರೂ ಬಂದರು” ಎಂದು ಕೊಂಡಾಡುತ್ತೇವೆ. ಇದು ವಿಜ್ಞಾನ ತಿಳಿಯದವರ ದೌರ್ಬಲ್ಯವೆಂದು ಯಾರಾದರೂ ಭಾವಿಸಿದ್ದರೆ, ಅಂಥವರು ಪಾಶ್ಚಾತ್ಯ ದೇಶಗಳಲ್ಲಿ ನಡೆಯುವ ವಿಜ್ಞಾನಕಥಾ ಸಮ್ಮೇಳನಗಳ ಕಡೆಗೆ ಒಮ್ಮೆ ದೃಷ್ಟಿ ಹರಿಸಬೇಕು. ಗ್ರಹಾಂತರ ಯಾನವನ್ನೂ ಯಂತ್ರಮಾನವನನ್ನೂ ಕುರಿತು ಹಗಲಿರುಳು ಚಿಂತಿಸುವ ಜನ, ಸೂಕ್ಷ್ಮಜೀವಿಗಳ ವಿಷಯದಲ್ಲಿ ನಮ್ಮ ಜಾತ್ರೆಯ ಭಕ್ತನಿಗಿಂತ ಹೆಚ್ಚು ವಿವೇಕಿಗಳಾಗಿಲ್ಲವೆಂಬುದು ಅಲ್ಲಿ ತಿಳಿದುಬರುತ್ತದೆ.

ಅಂತಹ ಸಮ್ಮೇಳನಕ್ಕೆ ಹೋಗಿ ಬಂದವರು ತಮ್ಮ ಅನುಭವವನ್ನು ಸವಿಸ್ತಾರವಾಗಿ ಬರೆಯುವ ಸಂಪ್ರದಾಯವುಂಟು. ಆ ವರದಿಗಳಲ್ಲಿ ಒಂದು ಬಗೆ ಬಲು ಪರಿಚಿತವಾದುದು. ಹೊರಡುವ ದಿನವೇ ಗಂಟಲು ಕಟ್ಟಿತು. ವಿಮಾನದಲ್ಲಿ ಚಳಿ ಹತ್ತಿತು. ಆದರೂ ಗುಳಿಗೆ ನುಂಗಿ ಮೊದಲನೆಯ ಚರ್ಚಾಗೋಷ್ಠಿಗೆ ಹೋದೆ. ಮಧ್ಯಾಹ್ನ ತಲೆ ಸುತ್ತಿದರೂ ಮೆಚ್ಚಿನ ಲೇಖಕರ ಕೈಕುಲುಕಿ ಹಸ್ತಾಕ್ಷರ ಪಡೆದೆ. ರಾತ್ರಿ ಗೆಳೆಯರ ಕೋಣೆಯಲ್ಲಿ ಎರಡು ಗಂಟೆಯವರೆಗೂ ಹರಟೆ ಹೊಡೆದೆ—ಹೀಗೆ ಸಾಗುವುದು ಅದರ ಧಾಟಿ. ಓದಿದವರು ಅಯ್ಯೋ ಪಾಪ ಎನ್ನುತ್ತಾರೆ, ಭಲೆ ಎನ್ನುತ್ತಾರೆ. ಆ ಲೇಖಕರ ಕೈಗೆ, ಆ ಗೆಳೆಯರ ಉಸಿರಿಗೆ ಏನಾಯಿತೆಂದು ಕೇಳುವವರು ವಿರಳ. ಸಮ್ಮೇಳನ ಮುಗಿಸಿ ಬಂದವರು ವಾರವಿಡೀ ಮಲಗುವುದು ಎಷ್ಟು ಸಾಮಾನ್ಯವೆಂದರೆ, ಆ ಕಾಯಿಲೆಗೆ ಅವರು ‘ಕಾನ್ ಕ್ರಡ್’ ಎಂಬ ಮುದ್ದಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ. ‘ಕಾನ್’ ಎಂದರೆ ಸಮ್ಮೇಳನ, ‘ಕ್ರಡ್’ ಎಂದರೆ ಅಂಟಿದ ಕೊಳೆ. ರೋಗಕ್ಕೆ ಅಡ್ಡಹೆಸರು ಇಟ್ಟ ಕೂಡಲೇ ಅದು ಮನೆಯವರಲ್ಲಿ ಒಬ್ಬನಾಗಿಬಿಡುತ್ತದೆ. ಆಮೇಲೆ ಅದನ್ನು ಹೊರಗೆ ಹಾಕುವ ಮನಸ್ಸು ಯಾರಿಗೂ ಬರುವುದಿಲ್ಲ.

ಜ್ವರ ಹೊತ್ತು ಸಮ್ಮೇಳನಕ್ಕೆ ಹೋಗುವುದು ನಿಷ್ಠೆಯೂ ಅಲ್ಲ, ಧೈರ್ಯವೂ ಅಲ್ಲ. ತನ್ನ ಸಂತೋಷದ ಬೆಲೆಯನ್ನು ಇತರರಿಂದ ಕೊಡಿಸುವ ವ್ಯವಹಾರ. ಇದು ನನ್ನ ವಾದ. ಆ ಸಮ್ಮೇಳನಗಳನ್ನು ನಾನು ಕಣ್ಣಾರೆ ಕಂಡವನಲ್ಲ. ಅವುಗಳನ್ನು ಕುರಿತು ಓದಿದವನು ಮಾತ್ರ. ಆದರೂ ಗಡಿನಾಡಿನ ಒಬ್ಬ ಪ್ರಾಥಮಿಕ ಶಾಲೆಯ ಉಪಾಧ್ಯಾಯನಿಗೆ ಇದರ ಗೊಡವೆ ಏಕೆಂಬುದನ್ನು ಕೊನೆಯಲ್ಲಿ ನಿವೇದಿಸುವೆನು.

ಮೊದಲು ಆ ಸಮ್ಮೇಳನದ ಸ್ವರೂಪವನ್ನು ತಿಳಿಯೋಣ. ೧೯೩೭ನೆಯ ಇಸವಿಯ ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಕೆಲವೇ ಮಂದಿ ವಿಜ್ಞಾನಕಥೆಯ ಅಭಿಮಾನಿಗಳು ಒಂದು ಸಭೆ ಸೇರಿದರು. ಹತ್ತೊಂಬತ್ತು ವರ್ಷದ ತರುಣ ಆರ್ಥರ್ ಕ್ಲಾರ್ಕ್ ಅವರಲ್ಲಿ ಒಬ್ಬ. ೧೯೩೯ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಮೊದಲನೆಯ ವಿಶ್ವ ವಿಜ್ಞಾನಕಥಾ ಸಮ್ಮೇಳನ ಜರುಗಿತು. ಸುಮಾರು ಇನ್ನೂರು ಮಂದಿ ನೆರೆದಿದ್ದರು. ಮಹಾಯುದ್ಧದ ದೆಸೆಯಿಂದ ೧೯೪೨ರಿಂದ ೧೯೪೫ರವರೆಗೆ ಅದು ನಿಂತಿತ್ತು. ಅನಂತರ ವರ್ಷವರ್ಷವೂ ಊರಿಂದೂರಿಗೆ ಸಾಗುತ್ತ ಬಂದಿದೆ. ೨೦೨೪ರಲ್ಲಿ ಗ್ಲಾಸ್ಗೋ ನಗರದಲ್ಲಿ, ೨೦೨೫ರಲ್ಲಿ ಸಿಯಾಟಲ್ ನಗರದಲ್ಲಿ ತಲಾ ಐದು ದಿನ ನಡೆಯಿತು. ಈಗ ಸೇರುವವರ ಸಂಖ್ಯೆ ಸಾವಿರಗಳ ಲೆಕ್ಕದ್ದು. ಇದನ್ನು ನಡೆಸುವವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಹಣ ತೆತ್ತು ಬರುವವನು ಟಿಕೆಟು ಕೊಂಡ ಪ್ರೇಕ್ಷಕನಲ್ಲ, ಸಂಸ್ಥೆಯ ಸದಸ್ಯ. ೧೯೫೩ರಲ್ಲಿ ಫಿಲಡೆಲ್ಫಿಯದಲ್ಲಿ ಮೊದಲು ಕೊಟ್ಟ ಹ್ಯೂಗೋ ಬಹುಮಾನಗಳಿಗೆ ಮತ ಹಾಕುವವರೂ, ಮುಂದಿನ ಸಮ್ಮೇಳನದ ಸ್ಥಳವನ್ನು ಆರಿಸುವವರೂ ಸದಸ್ಯರೇ. ಈ ‘ಸದಸ್ಯ’ ಎಂಬ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಪ್ರೇಕ್ಷಕನಿಗೆ ಕೊಟ್ಟ ಹಣಕ್ಕೆ ಆಟ ನೋಡುವ ಹಕ್ಕು ಮಾತ್ರ ಉಂಟು. ಸದಸ್ಯನಿಗೆ ಹಕ್ಕಿನೊಡನೆ ಹೊಣೆಯೂ ಉಂಟು.

ಇನ್ನು ಈ ಜನರು ಓದುವ ಸಾಹಿತ್ಯವನ್ನು ನೋಡಿರಿ. ಮೇರಿ ಶೆಲ್ಲಿ ೧೮೨೬ರಲ್ಲಿಯೇ ‘ಕೊನೆಯ ಮಾನವ’ ಎಂಬ ಕಾದಂಬರಿಯಲ್ಲಿ ಸಾಂಕ್ರಾಮಿಕ ರೋಗವೊಂದು ಮಾನವಕುಲವನ್ನೇ ಅಳಿಸುವುದನ್ನು ಚಿತ್ರಿಸಿದಳು. ೧೮೯೮ರಲ್ಲಿ ಪುಸ್ತಕವಾಗಿ ಬಂದ ಎಚ್. ಜಿ. ವೆಲ್ಸನ ‘ಲೋಕಗಳ ಯುದ್ಧ’ದಲ್ಲಿ ಮಂಗಳಗ್ರಹದಿಂದ ಇಳಿದು ಬಂದವರು ಬ್ರಿಟಿಷರ ತೋಪುಗಳನ್ನೆಲ್ಲ ಮುರಿದು ಹಾಕುವರು; ಕೊನೆಗೆ ಅವರನ್ನು ಕೊಲ್ಲುವುದು ಸೇನೆಯಲ್ಲ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಬೆಲ್ಫಾಸ್ಟಿನ ಜೇಮ್ಸ್ ವೈಟ್ ಎಂಬ ಲೇಖಕನು ಅಂತರಿಕ್ಷದಲ್ಲಿ ೩೮೪ ಅಂತಸ್ತುಗಳ ಆಸ್ಪತ್ರೆಯನ್ನೇ ಕಲ್ಪಿಸಿ, ನಾನಾ ಲೋಕಗಳ ಜೀವಿಗಳಿಗೆ ಅಲ್ಲಿ ಚಿಕಿತ್ಸೆ ಮಾಡಿಸಿದನು. ಆ ಮಾಲೆಯ ಮೊದಲನೆಯ ಪುಸ್ತಕ ೧೯೬೨ರಲ್ಲಿ ಪ್ರಕಟವಾಯಿತು. ಇಂತಹ ಗ್ರಂಥಗಳನ್ನು ಕಂಕುಳಲ್ಲಿ ಇರಿಸಿಕೊಂಡವನೇ ಕರವಸ್ತ್ರವಿಲ್ಲದೆ ಸೀನಿದರೆ ಏನೆನ್ನಬೇಕು? ಓದಿದ್ದು ಕಥೆಯಾಗಿ ಉಳಿಯಿತೇ ಹೊರತು ತಿಳಿವಾಗಿ ಒಳಗಿಳಿಯಲಿಲ್ಲ ಎನ್ನಬೇಕು.

ರೋಗ ಹರಡುವ ಬಗೆಯಲ್ಲಿ ಗುಟ್ಟೇನೂ ಇಲ್ಲ. ಇನ್‌ಫ್ಲುಯೆಂಜಾ ತಗಲಿದವನು ಲಕ್ಷಣ ಕಾಣುವುದಕ್ಕೆ ಒಂದು ದಿನ ಮೊದಲೇ ಅದನ್ನು ಇತರರಿಗೆ ಅಂಟಿಸಬಲ್ಲನು. ಲಕ್ಷಣ ಕಂಡ ಮೇಲೆ ಐದರಿಂದ ಏಳು ದಿನಗಳವರೆಗೂ ಅಂಟಿಸಬಲ್ಲನು. ಸೋಂಕಿದವನಲ್ಲಿ ರೋಗ ತೋರಲು ಒಂದರಿಂದ ನಾಲ್ಕು ದಿನ ಬೇಕು. ಐದು ದಿನದ ಸಮ್ಮೇಳನಕ್ಕೆ ಇದನ್ನು ಅನ್ವಯಿಸಿರಿ. ಬುಧವಾರ ಜ್ವರದಲ್ಲಿ ಬಂದವನಿಂದ ಪಕ್ಕದ ಕುರ್ಚಿಯವನಿಗೆ ತಗಲಿತೆಂದುಕೊಳ್ಳೋಣ. ಶುಕ್ರವಾರ ಆ ಎರಡನೆಯವನು ತನಗೆ ಏನೂ ಆಗಿಲ್ಲವೆಂದು ನಂಬಿಕೊಂಡೇ ಮೂರನೆಯವನಿಗೆ ಕೊಡುತ್ತಾನೆ. ಮೂರನೆಯವನು ಭಾನುವಾರ ಸಾಮಾನು ಕಟ್ಟಿ, ಮನೆಯ ಮುದುಕರಿಗೂ ಮಕ್ಕಳಿಗೂ ಅದನ್ನು ಒಯ್ಯುತ್ತಾನೆ. ಮೊದಲನೆಯವನು ಇವನ ಮುಖವನ್ನೇ ಕಂಡಿರುವುದಿಲ್ಲ. ವಾಂತಿಭೇದಿ ತರುವ ನೋರೋವೈರಸ್ಸಂತೂ ಇನ್ನೂ ಹಟಮಾರಿ. ಕೈಗೆ ಸವರಿಕೊಳ್ಳುವ ಮದ್ಯಸಾರದ ದ್ರವಕ್ಕೆ ಅದು ಸುಲಭವಾಗಿ ಬಗ್ಗುವುದಿಲ್ಲ, ಸಾಬೂನು ಹಚ್ಚಿ ನೀರಿನಲ್ಲಿ ತೊಳೆಯಲೇಬೇಕು. ಇದರ ಮೇಲೆ ಸಮ್ಮೇಳನದ ದಿನಚರಿಯೂ ರೋಗಕ್ಕೆ ಅನುಕೂಲವಾದುದು: ಕಿಟಕಿ ತೆರೆಯದ ಹೋಟೆಲಿನ ಕೋಣೆಗಳು, ಕಿಕ್ಕಿರಿದ ಲಿಫ್ಟುಗಳು, ನಿದ್ರೆಗೇಡು, ಹೊತ್ತಲ್ಲದ ಹೊತ್ತಿನ ತಿಂಡಿ. ದಿನಕ್ಕೆ ಕಡೆಯ ಪಕ್ಷ ಐದು ಗಂಟೆ ನಿದ್ರೆ, ಎರಡು ಊಟ, ಒಂದು ಸ್ನಾನ—ಇದು ಅಭಿಮಾನಿಗಳು ತಮಗೆ ತಾವೇ ಹೇಳಿಕೊಳ್ಳುವ ಐದು-ಎರಡು-ಒಂದರ ಸೂತ್ರ. ಬೆಳೆದ ಜನರಿಗೆ ಹೀಗೆ ಸೂತ್ರ ಕಟ್ಟಿ ಹೇಳಬೇಕಾದರೆ, ಅಲ್ಲಿ ಮೈಯ ಕಡೆಗೆ ಗಮನ ಎಷ್ಟಿರಬಹುದೆಂದು ಊಹಿಸಬಹುದು.

ಎದುರು ಪಕ್ಷದ ಮಾತನ್ನೂ ಕೇಳಬೇಕು; ಅದನ್ನು ಅಣಕಿಸಿ ತಳ್ಳಿಹಾಕುವುದು ನ್ಯಾಯವಲ್ಲ. ಅವರು ಹೇಳುವುದಿಷ್ಟು: “ವರ್ಷವಿಡೀ ಕೂಡಿಟ್ಟ ಹಣ, ತಿಂಗಳುಗಳ ಮೊದಲೇ ಕೊಂಡ ಟಿಕೆಟು, ಬೇಡಿ ಪಡೆದ ರಜೆ. ನಮ್ಮೂರಿನಲ್ಲಿ ಈ ಪುಸ್ತಕಗಳ ಹೆಸರೆತ್ತಿದರೆ ನಗುವವರೇ ಎಲ್ಲರೂ. ನಮ್ಮ ಮಾತು ತಿಳಿಯುವ ಜನ ಸಿಕ್ಕುವುದು ವರ್ಷಕ್ಕೆ ಐದೇ ದಿನ. ಒಂದು ನೆಗಡಿಗೆ ಹೆದರಿ ಅದನ್ನೂ ಬಿಡಬೇಕೇ?” ಈ ಮಾತಿನಲ್ಲಿರುವ ನೋವು ನಿಜವಾದುದು. ೧೯೩೯ರ ಸಮ್ಮೇಳನಕ್ಕೆ ರೇ ಬ್ರಾಡ್ಬರಿ ಎಂಬ ಬಡ ಹುಡುಗನು ಗೆಳೆಯ ಆಕರ್‌ಮನ್ನನಿಂದ ಸಾಲ ತಂದು, ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿಗೆ ಬಸ್ಸಿನಲ್ಲಿ ಬಂದನು. ಮುಂದೆ ಲೋಕವಿಖ್ಯಾತ ಲೇಖಕನಾದ ಅವನಿಗೆ ಅಂದು ತನ್ನವರನ್ನು ಕಾಣುವ ಹಂಬಲ ಎಷ್ಟಿದ್ದಿರಬೇಕು! ತನ್ನವರು ಎಂಬ ಮಾತಿನ ಬೆಲೆಯನ್ನು ಗಡಿನಾಡಿನ ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ೧೯೪೮ರಲ್ಲಿ ಕಾಸರಗೋಡಿನಲ್ಲಿ, ೧೯೫೦ರಲ್ಲಿ ಸೊಲ್ಲಾಪುರದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದುದನ್ನು ಹಿರಿಯರು ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ಸುತ್ತಲೂ ಬೇರೆ ನುಡಿಯ ಬೋರ್ಡುಗಳ ನಡುವೆ ಬಾಳುವವನಿಗೆ ನಾಲ್ಕು ದಿನ ತನ್ನ ನುಡಿಯೊಳಗೆ ಕುಳಿತುಕೊಳ್ಳುವುದೆಂದರೆ ಏನೆಂಬುದು ನಮಗೆ ಗೊತ್ತು. ಆದುದರಿಂದ ಜ್ವರದಲ್ಲಿಯೂ ಹೊರಟವನ ಹಂಬಲವನ್ನು ನಾನು ಹಳಿಯುವುದಿಲ್ಲ.

ಆದರೆ ಅದೇ ಹಂಬಲ ಇನ್ನೊಬ್ಬನಿಗೂ ಇರುತ್ತದೆಯಲ್ಲವೆ? ಆ ಮೊದಲನೆಯ ನ್ಯೂಯಾರ್ಕ್ ಸಮ್ಮೇಳನದಲ್ಲಿಯೇ ಒಂದು ಕಹಿ ಪ್ರಸಂಗ ನಡೆಯಿತು. ಸಂಚಾಲಕರಿಗೂ ಇನ್ನೊಂದು ಬಣಕ್ಕೂ ಇದ್ದ ಜಗಳದಿಂದಾಗಿ, ಫ್ರೆಡರಿಕ್ ಪೋಲ್, ಡೊನಾಲ್ಡ್ ವೊಲ್‌ಹೈಮ್, ಸಿರಿಲ್ ಕಾರ್ನ್‌ಬ್ಲೂತ್ ಮೊದಲಾದ ಆರು ಮಂದಿ ತರುಣರನ್ನು ಬಾಗಿಲಲ್ಲಿಯೇ ತಡೆದು ಹೊರಗಿಟ್ಟರು. ಎಂಬತ್ತಕ್ಕೂ ಹೆಚ್ಚು ವರ್ಷ ಕಳೆದರೂ ಆ ವಲಯದ ಚರಿತ್ರೆಕಾರರು ಅದನ್ನು ಮರೆತಿಲ್ಲ. ಬಹಿಷ್ಕಾರವೆಂದೇ ಅದಕ್ಕೆ ಹೆಸರು. ಒಳ್ಳೆಯದು, ಮರೆಯಬಾರದು. ಆದರೆ ಇಂದು ಕೆಮ್ಮುತ್ತ ಒಳಗೆ ಬಂದು ಕುಳಿತವನು ಎಷ್ಟು ಮಂದಿಯನ್ನು ಹೊರಗಿಡುತ್ತಾನೆಂದು ಯಾರಾದರೂ ಎಣಿಸಿದ್ದಾರೆಯೆ? ಉಬ್ಬಸದವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು, ಬದಲಿ ಮೂತ್ರಪಿಂಡ ಹಾಕಿಸಿಕೊಂಡವರು, ಎಪ್ಪತ್ತು ದಾಟಿದವರು, ಹಸುಗೂಸಿನ ತಾಯಂದಿರು—ಇವರಿಗೂ ಆ ಪುಸ್ತಕಗಳು ಪ್ರಿಯ, ಇವರೂ ಸದಸ್ಯತ್ವದ ಹಣ ತೆತ್ತವರೇ. ಅಲ್ಲಿ ಜ್ವರದವರು ಬರುವುದು ವಾಡಿಕೆ, ಅದನ್ನು ಹೊಗಳುವುದೂ ವಾಡಿಕೆ ಎಂದು ತಿಳಿದಾಗ ಇವರು ಸದ್ದಿಲ್ಲದೆ ಮನೆಯಲ್ಲಿ ಉಳಿದುಬಿಡುತ್ತಾರೆ. ಆರು ಮಂದಿಯನ್ನು ತಡೆದವರ ಹೆಸರು ಚರಿತ್ರೆಯಲ್ಲಿದೆ. ಇವರನ್ನು ತಡೆದವರ ಹೆಸರು ಎಲ್ಲಿಯೂ ಇಲ್ಲ, ಏಕೆಂದರೆ ತಡೆದವರಿಗೇ ಅದು ತಿಳಿಯದು.

“ಸಾವಿರ ಜನರ ನಡುವೆ ನನ್ನೊಬ್ಬನ ನೆಗಡಿ ಯಾವ ಲೆಕ್ಕ? ಯಾರಿಂದ ಯಾರಿಗೆ ಬಂತೆಂದು ಹೇಳಬಲ್ಲವರಾರು?” ಎಂದು ಇನ್ನೊಂದು ವಾದ ಕೇಳಿಬರುತ್ತದೆ. ಇದಕ್ಕೆ ೨೦೨೧ರ ನವೆಂಬರಿನ ಒಂದು ಪ್ರಸಂಗವೇ ಉತ್ತರ. ನ್ಯೂಯಾರ್ಕಿನಲ್ಲಿ ಜಪಾನೀ ಚಲಚ್ಚಿತ್ರಗಳ ಅಭಿಮಾನಿಗಳ ಬೃಹತ್ ಸಮ್ಮೇಳನ ನಡೆಯಿತು. ಸೇರಿದ್ದವರು ಸುಮಾರು ೫೩,೦೦೦. ಅದಕ್ಕೆ ಹೋಗಿದ್ದ ಒಬ್ಬನಲ್ಲಿ ಕೋವಿಡ್ಡಿನ ಹೊಸ ತಳಿಯಾದ ಓಮಿಕ್ರಾನ್ ಪತ್ತೆಯಾದಾಗ ಅಮೆರಿಕದ ಆರೋಗ್ಯಾಧಿಕಾರಿಗಳು ಆಳವಾದ ಶೋಧ ನಡೆಸಿದರು. ಲಸಿಕೆ ಹಾಕಿಸಿಕೊಂಡವರಿಗೆ ಮಾತ್ರ ಪ್ರವೇಶ, ಮುಖಕ್ಕೆ ಮಾಸ್ಕ್, ಗಾಳಿಯನ್ನು ಸೋಸುವ ಯಂತ್ರ—ಇಷ್ಟೂ ಇದ್ದ ಆ ಸಭಾಂಗಣದಲ್ಲಿ ರೋಗ ವ್ಯಾಪಕವಾಗಿ ಹರಡಿದ ಕುರುಹು ಸಿಕ್ಕಲಿಲ್ಲ. ಆದರೆ ಆ ಒಬ್ಬನೊಡನೆ ಒಡನಾಡಿದ ಬಳಗದಲ್ಲಿ ಹೆಚ್ಚಿನವರಿಗೆ ಸೋಂಕು ತಗಲಿತ್ತು. ತನಗೆ ರೋಗ ಬಂದಿರುವುದು ಅರಿಯದೆ ಹೋದವನನ್ನು ದೂರುವಂತಿಲ್ಲ. ಆದರೆ ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಎಚ್ಚರಿಕೆಯಿಂದ ಫಲವುಂಟು ಎಂಬುದು ಒಂದು. ಎಚ್ಚರ ತಪ್ಪಿದಲ್ಲಿ ರೋಗ ಮೊದಲು ಸೇರುವುದು ದೂರದ ಅಪರಿಚಿತನನ್ನಲ್ಲ, ಯಾರನ್ನು ಕಾಣಬೇಕೆಂದು ಅಷ್ಟು ದೂರ ಹೋದೆವೋ ಆ ಗೆಳೆಯರನ್ನೇ ಎಂಬುದು ಇನ್ನೊಂದು. ಪ್ರೀತಿಯ ಹೆಸರಿನಲ್ಲಿ ಹೋದವನು ಪ್ರೀತಿಪಾತ್ರರಿಗೇ ಜ್ವರ ಕೊಟ್ಟು ಬರುವುದು ಎಂತಹ ಉಡುಗೊರೆ?

ಹಾಗಾದರೆ ಸಮ್ಮೇಳನಗಳೇ ಬೇಡವೆನ್ನುತ್ತೀರಾ ಎಂದು ಕೇಳಬಹುದು. ಖಂಡಿತ ಇಲ್ಲ. ಆ ಭಯದ ಕೊನೆ ಎಲ್ಲಿಗೆ ಮುಟ್ಟುವುದೆಂಬುದನ್ನೂ ಇದೇ ಸಾಹಿತ್ಯ ತೋರಿಸಿಕೊಟ್ಟಿದೆ. ೧೯೦೯ರಲ್ಲಿ ಇ. ಎಂ. ಫಾರ್ಸ್ಟರ್ ಬರೆದ ‘ಯಂತ್ರ ನಿಲ್ಲುತ್ತದೆ’ ಎಂಬ ಕಥೆಯಲ್ಲಿ ಜನರು ನೆಲದಡಿಯ ಒಂಟಿ ಕೋಣೆಗಳಲ್ಲಿ ಕುಳಿತು ಯಂತ್ರದ ಮೂಲಕವೇ ಮಾತಾಡುವರು. ೧೯೫೭ರಲ್ಲಿ ಪುಸ್ತಕವಾಗಿ ಬಂದ ಐಸಾಕ್ ಅಸಿಮೋವನ ‘ನಗ್ನ ಸೂರ್ಯ’ದಲ್ಲಿ ಸೊಲಾರಿಯಾ ಗ್ರಹದವರಿಗೆ ಇನ್ನೊಬ್ಬ ಮನುಷ್ಯನ ಸನ್ನಿಧಿಯೇ ಅಸಹ್ಯ. ಅಂತಹ ಬಾಳು ನಮಗೆ ಬೇಡ. ಮನುಷ್ಯರು ಮನುಷ್ಯರನ್ನು ಕಾಣಬೇಕು, ಒಂದೇ ಬೆಂಚಿನ ಮೇಲೆ ಕುಳಿತು ನಗಬೇಕು. ಎಲ್ಲರೂ ನಿರ್ಭಯವಾಗಿ ಸೇರುವಂತಾಗಬೇಕಾದರೆ, ಮೈ ಬೆಚ್ಚಗಾದವನು ಅಂದು ಹಿಂದೆ ಉಳಿಯಬೇಕು. ಸಮ್ಮೇಳನ ಉಳಿಯುವುದು ಈ ಸಣ್ಣ ತ್ಯಾಗದಿಂದ.

ಹಿಂದೆ ಉಳಿದವನು ಬಳಗದಿಂದ ಹೊರಗಾಗಬೇಕಾಗಿಯೂ ಇಲ್ಲ. ವಿಜ್ಞಾನಕಥೆಯ ಅಭಿಮಾನಿ ಬಳಗ ಹುಟ್ಟಿದ್ದು ಕಾಗದದ ಮೇಲೆ. ಪತ್ರಿಕೆಗಳಲ್ಲಿ ಅಚ್ಚಾದ ಓದುಗರ ವಿಳಾಸಗಳನ್ನು ನೋಡಿ ಪತ್ರ ಬರೆದುಕೊಂಡವರು, ಆಮೇಲೆ ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡಿ ಕಿರುಪತ್ರಿಕೆಗಳನ್ನು ಹಂಚಿಕೊಂಡರು. ನೀವು ಈಗ ಕೈಯಲ್ಲಿ ಹಿಡಿದಿರುವ ನಮ್ಮ ಈ ಪತ್ರಿಕೆಗೂ ಅವಕ್ಕೂ ಶಾಯಿಯ ವಾಸನೆಯಲ್ಲಿ ಭೇದವಿರಲಾರದು. ಬೆಲ್ಫಾಸ್ಟಿನ ವಾಲ್ಟ್ ವಿಲ್ಲಿಸ್ ತನ್ನ ಕಿರುಪತ್ರಿಕೆಯ ಬರಹಗಳಿಂದಲೇ ಸಾಗರದಾಚೆಯ ಜನರಿಗೆ ಅಷ್ಟು ಬೇಕಾದವನಾದನು. ೧೯೫೨ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಅವನನ್ನು ಶಿಕಾಗೊ ಸಮ್ಮೇಳನಕ್ಕೆ ಕರೆಸಿಕೊಂಡರು. ಅವನು ಅಲ್ಲಿಗೆ ಹೋಗುವುದಕ್ಕೆ ಮೊದಲೇ ಅವರ ಬಳಗದವನಾಗಿದ್ದನು. ಇನ್ನು ನಮ್ಮ ಕಾಲದಲ್ಲಂತೂ ೨೦೨೦ರಲ್ಲಿ ನ್ಯೂಜಿಲೆಂಡಿನ ವೆಲಿಂಗ್‌ಟನ್ನಿನಲ್ಲಿ ಸೇರಬೇಕಾಗಿದ್ದ ವಿಶ್ವ ಸಮ್ಮೇಳನವು ಕೋವಿಡ್ಡಿನ ದೆಸೆಯಿಂದ ಪೂರ್ತಿಯಾಗಿ ಅಂತರಜಾಲದಲ್ಲಿಯೇ ನಡೆಯಿತು. ೨೦೨೧ರ ವಾಷಿಂಗ್‌ಟನ್ ಸಮ್ಮೇಳನವನ್ನು ಡಿಸೆಂಬರಿಗೆ ಮುಂದೂಡಿ, ಲಸಿಕೆಯನ್ನೂ ಮಾಸ್ಕನ್ನೂ ಕಡ್ಡಾಯಮಾಡಿ ನಡೆಸಿದರು. ಮನಸ್ಸಿದ್ದರೆ ಮಾರ್ಗವಿದೆಯೆಂದು ಅವರೇ ಸಾಧಿಸಿ ತೋರಿಸಿದ್ದಾರೆ.

ಆದುದರಿಂದ ತಪ್ಪನ್ನೆಲ್ಲ ರೋಗಿಯ ತಲೆಗೆ ಕಟ್ಟುವುದೂ ಸಲ್ಲದು. ಬಾರದವನ ಹಣ ಮುಳುಗಿಹೋಗುವುದಾದರೆ ಬಡವನು ಜ್ವರದಲ್ಲಿಯೂ ಬಂದೇ ಬರುವನು. ಸದಸ್ಯತ್ವವನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಕೊನೆಯ ದಿನದವರೆಗೂ ಅವಕಾಶವಿರಬೇಕು, ಮುಖ್ಯ ಗೋಷ್ಠಿಗಳು ಮನೆಯಲ್ಲಿ ಮಲಗಿದವನಿಗೂ ಕೇಳಿಸುವಂತಿರಬೇಕು, ಸಭಾಂಗಣಕ್ಕೆ ಗಾಳಿ ಬರಬೇಕು, ಬಾಗಿಲಲ್ಲಿ ಮಾಸ್ಕುಗಳಿರಬೇಕು. ಇವು ಸಂಚಾಲಕರ ಹೊಣೆ. ಬರುವ ಮುನ್ನ ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಳ್ಳುವುದು ಸದಸ್ಯನ ಹೊಣೆ. ಬಂದ ಮೇಲೆ ಜ್ವರ ಏರಿದರೆ ಕೋಣೆಯಲ್ಲಿ ಉಳಿದು ಗೆಳೆಯನಿಂದ ಗಂಜಿ ತರಿಸಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ನಿಷ್ಠೆಯನ್ನು ಮೈಯಿಂದಲೇ ತೋರಿಸಬೇಕೆಂಬ ಆಸೆಯಿದ್ದವರಿಗೆ ಅದಕ್ಕೂ ದಾರಿಯುಂಟು. ೧೯೭೬ರಲ್ಲಿ ಕಾನ್ಸಾಸ್ ನಗರದ ಸಮ್ಮೇಳನಕ್ಕೆ ಗೌರವ ಅತಿಥಿಯಾಗಿ ಬಂದ ರಾಬರ್ಟ್ ಹೈನ್‌ಲೈನ್ ಅಭಿಮಾನಿಗಳಿಂದ ರಕ್ತದಾನ ಮಾಡಿಸಿದನು. ರಕ್ತದಾನವು ಅನೇಕ ಸಮ್ಮೇಳನಗಳಲ್ಲಿ ಪದ್ಧತಿಯಾಗಿ ಬೆಳೆಯಿತು. ಅಪರಿಚಿತನಿಗೆ ತನ್ನ ರಕ್ತ ಕೊಡುವ ಸಂಪ್ರದಾಯವುಳ್ಳ ಬಳಗವೇ, ಪರಿಚಿತನಿಗೆ ತನ್ನ ರೋಗ ಕೊಡುವುದನ್ನು ನಗೆಯ ಮಾತಾಗಿ ತೇಲಿಸಿಬಿಡುವುದು ವಿಪರ್ಯಾಸವಲ್ಲವೆ? ಜ್ವರವಿದ್ದವನಿಂದ ರಕ್ತವನ್ನು ಸಹ ತೆಗೆದುಕೊಳ್ಳುವುದಿಲ್ಲವೆಂಬುದನ್ನು ಅವರು ನೆನೆಯಲಿ.

ಇನ್ನು ನನ್ನ ನಿವೇದನೆ. ಆ ವರದಿಗಳನ್ನು ಓದಿ ನನಗೆ ಸಿಟ್ಟು ಬಂದುದು ಅವರ ಮೇಲೆ ಮಾತ್ರವಲ್ಲ. ಮೈ ಸರಿಯಿಲ್ಲದಿದ್ದರೂ ಹಾಜರಾಗುವುದು ಸದ್ಗುಣವೆಂಬ ಪಾಠವನ್ನು ಮನುಷ್ಯನು ಮೊದಲು ಕಲಿಯುವುದು ಎಲ್ಲಿ? ಶಾಲೆಯಲ್ಲಿ. ಕಲಿಸುವವರು ಯಾರು? ನಾವು. ಮಕ್ಕಳ ಸಂಖ್ಯೆ ಇಳಿದರೆ ಕನ್ನಡ ತರಗತಿಯನ್ನೇ ಮುಚ್ಚಿಯಾರೆಂಬ ಅಂಜಿಕೆ ಗಡಿನಾಡಿನ ಉಪಾಧ್ಯಾಯನ ಎದೆಯಲ್ಲಿ ಸದಾ ಇರುತ್ತದೆ; ಹಾಜರಿ ಪುಸ್ತಕವನ್ನು ತೆರೆಯುವಾಗ ನಮ್ಮ ಕೈ ನಡುಗುವುದುಂಟು. ಅದರಿಂದಲೇ ಪೂರ್ಣ ಹಾಜರಿಗೆ ಬಹುಮಾನವಿಡುತ್ತೇವೆ. ನಾನೂ ಇಟ್ಟೆನು. ಒಂದು ವರ್ಷ ಒಬ್ಬ ಹುಡುಗಿ ಆ ಬಹುಮಾನಕ್ಕಾಗಿ ಕೆನ್ನೆ ಊದಿಸಿಕೊಂಡೇ, ಮಂಗನಬಾವು ತೋರದಂತೆ ತಲೆಗೆ ವಲ್ಲಿ ಸುತ್ತಿಕೊಂಡು, ಮೂರು ದಿನ ಬಂದು ಕುಳಿತಳು. ನನಗೆ ತಿಳಿಯಲಿಲ್ಲವೆಂದು ಹೇಳಲಾರೆ, ನೋಡಿಯೂ ನೋಡದವನಂತಿದ್ದೆ. ಮೂರು ವಾರದೊಳಗೆ ಹನ್ನೊಂದು ಮಕ್ಕಳು ಮಲಗಿದರು. ವಾರ್ಷಿಕೋತ್ಸವದಲ್ಲಿ ಅವಳಿಗೆ ಕಂಪಾಸು ಪೆಟ್ಟಿಗೆಯನ್ನು ಕೊಟ್ಟು ಚಪ್ಪಾಳೆ ತಟ್ಟಿಸಿದವನೂ ನಾನೇ.

ಅಂದಿನಿಂದ ಆ ಬಹುಮಾನವನ್ನು ನಿಲ್ಲಿಸಿದ್ದೇನೆ. ಅದರ ಬದಲು ಈಗ ಇನ್ನೊಂದು ಕ್ರಮವಿದೆ: ಯಾರಾದರೂ ಜ್ವರದಿಂದ ಬಾರದಿದ್ದರೆ, ಅಂದಿನ ಪಾಠವನ್ನೂ ತರಗತಿಯಲ್ಲಿ ನಡೆದ ತಮಾಷೆಯನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಮನೆಗೆ ಮುಟ್ಟಿಸುವುದು ಪಕ್ಕದ ಬೆಂಚಿನವರ ಕೆಲಸ. ಚೆನ್ನಾಗಿ ಬರೆದವರನ್ನು ಎಲ್ಲರೆದುರು ಹೊಗಳುತ್ತೇನೆ. ಹಾಜರಿ ಕಡಮೆಯಾಗಿಲ್ಲ, ಮಕ್ಕಳ ಕನ್ನಡ ಬರಹ ಮಾತ್ರ ಉತ್ತಮಗೊಂಡಿದೆ. ಉಪಾಧ್ಯಾಯ ಬಂಧುಗಳು ತಮ್ಮ ಶಾಲೆಗಳಲ್ಲಿಯೂ ಇದನ್ನು ಪರೀಕ್ಷಿಸಿ ನೋಡಬೇಕೆಂದು ಪ್ರಾರ್ಥನೆ. ಈ ಮಕ್ಕಳು ನಾಳೆ ಸಾಹಿತ್ಯ ಸಮ್ಮೇಳನಕ್ಕೋ ವಿಜ್ಞಾನಕಥೆಯ ಸಮ್ಮೇಳನಕ್ಕೋ ಹೊರಟು ನಿಂತಾಗ ಮೈ ಬಿಸಿಯಾದರೆ, ಪೆಟ್ಟಿಗೆಯನ್ನು ಕೆಳಗಿಳಿಸಿ, “ನೀನು ಹೋಗಿ ಬಾ, ಅಲ್ಲಿ ನಡೆದುದನ್ನೆಲ್ಲ ನನಗೆ ಬರೆ” ಎಂದು ಗೆಳೆಯನಿಗೆ ಹೇಳುವ ಶಕ್ತಿ ಅವರಲ್ಲಿ ಬೆಳೆದಿರಲಿ.